ಪರವಾಗಿಲ್ಲ ಸರ್

ಕಳೆದ ವರ್ಷ ನಮ್ಮ ವಿಭಾಗದ ವೇಳಾಪಟ್ಟಿ ಹಾಕುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಮದುವೆಮನೆಯಲ್ಲಿ ಪಂಕ್ತಿ ಕೂರಿಸುವವನ ಪಾಡೂ ವೇಳಾಪಟ್ಟಿ ಹಾಕುವವನ ಪಾಡೂ ಒಂದೇ. ಯಾರನ್ನು ಎಲ್ಲಿ ಕೂರಿಸಿದರೂ ಇನ್ನೊಬ್ಬರಿಗೆ ಮುನಿಸು. ಖಾಯಂ ಸಹೋದ್ಯೋಗಿಗಳಲ್ಲಿ ಒಬ್ಬರಿಗೆ ಶನಿವಾರ ಕೊನೆಯ ಅವಧಿ ಬೇಡವಾಗಿತ್ತು. ಇನ್ನೊಬ್ಬರು ಮಗಳನ್ನು ಶಾಲೆಗೆ ಬಿಟ್ಟು ಬರಬೇಕಾದ್ದರಿಂದ ಮೊದಲ ಅವಧಿ ಒಲ್ಲೆ ಎಂದರು. ಇಬ್ಬರೂ ನೇರವಾಗಿ ಬಂದು ಹೇಳಿದರು, ಒಬ್ಬರಂತೂ ಸ್ವಲ್ಪ ಜೋರಾಗಿಯೇ ಹೇಳಿದರು. ಅವರಿಗೆಲ್ಲ ಒಪ್ಪಿಗೆಯಾಗುವಂತೆ ಹೊಂದಿಸಿ, ಉಳಿದ ಖಾಲಿ ಮನೆಗಳಲ್ಲಿ ನಮ್ಮ ಅತಿಥಿ ಉಪನ್ಯಾಸಕಿಯ ಹೆಸರು ತುಂಬಿಸಿದೆ. ವಾರದಲ್ಲಿ ಐದು ದಿನ ಬೆಳಿಗ್ಗೆ ಒಂಬತ್ತೂವರೆಯ ಮೊದಲ ಅವಧಿ ಅವರಿಗೇ ಬಂತು. ಹಾಳೆ ತೋರಿಸಿ, “ಮೇಡಂ, ಮೊದಲ ಅವಧಿಗೆ ತೊಂದರೆ ಇಲ್ಲ ತಾನೇ?” ಎಂದು ಕೇಳಿದೆ. ಹಾಳೆಯ ಮೇಲೆ ಒಮ್ಮೆ ಕಣ್ಣಾಡಿಸಿ, “ಪರವಾಗಿಲ್ಲ ಸರ್” ಎಂದರು. ನಾನು ನಿರಾಳವಾಗಿ ಹಾಳೆಯನ್ನು ಸೂಚನಾ ಫಲಕಕ್ಕೆ ಅಂಟಿಸಿದೆ.

ನಾಲ್ಕು ತಿಂಗಳ ನಂತರ, ಪರೀಕ್ಷಾ ಕೆಲಸವಿದ್ದ ಒಂದು ದಿನ ಎಂಟಕ್ಕೆ ಮೊದಲೇ ಕಾಲೇಜಿಗೆ ಹೋದೆ. ಕಟ್ಟಡದ ಬೀಗ ತೆಗೆದಿರಲಿಲ್ಲ. ಮೆಟ್ಟಿಲ ಮೇಲೆ ಅವರು ಸ್ವೆಟರ್ ಹಾಕಿಕೊಂಡು ಕುಳಿತು, ಡಬ್ಬಿ ತೆರೆದು ಚಿತ್ರಾನ್ನ ತಿನ್ನುತ್ತಿದ್ದರು. ನನ್ನನ್ನು ಕಂಡವರೇ ತಪ್ಪು ಮಾಡಿ ಸಿಕ್ಕಿಬಿದ್ದವರ ಹಾಗೆ ಡಬ್ಬಿ ಮುಚ್ಚಿ ಎದ್ದು ನಿಂತರು. ಆಮೇಲೆ ಅಟೆಂಡರ್ ಹೇಳಿದರು: “ಮೇಡಂ ದಿನಾ ಏಳೂ ಮುಕ್ಕಾಲಿಗೆ ಬಂದು ಕೂರುತ್ತಾರೆ ಸರ್. ಅವರ ಊರಿನಿಂದ ಆರಕ್ಕೊಂದು ಬಸ್ಸಿದೆ. ಅದನ್ನು ಬಿಟ್ಟರೆ ಮುಂದಿನದು ಇಲ್ಲಿಗೆ ಬರುವುದು ಒಂಬತ್ತೂ ಐವತ್ತಕ್ಕೆ.” ಇಪ್ಪತ್ತು ನಿಮಿಷದ ವ್ಯತ್ಯಾಸ. ಅವರನ್ನು ಎರಡನೇ ಅವಧಿಗೆ ಹಾಕಿದ್ದರೆ ಮುಗಿದಿತ್ತು. ಶಕ್ತಿ ಯೋಜನೆ ಬಂದಮೇಲೆ ಹೆಣ್ಣುಮಕ್ಕಳಿಗೆ ಬಸ್ಸಿನಲ್ಲಿ ಶೂನ್ಯ ಟಿಕೆಟ್ ಸಿಗುತ್ತದೆ, ನಿಜ. ಮುಂಜಾನೆಯ ನಿದ್ದೆಗೆ ಅಂಥ ಟಿಕೆಟ್ ಯಾರೂ ಹರಿದುಕೊಡುವುದಿಲ್ಲ.

ಅವರು ಹೇಳಲಿಲ್ಲವಲ್ಲ ಎಂದು ನನಗೆ ಆಶ್ಚರ್ಯವಾಗಲಿಲ್ಲ. ಆ ‘ಪರವಾಗಿಲ್ಲ’ವನ್ನು ನಾನು ನಂಬಿಬಿಟ್ಟೆನಲ್ಲ ಎಂಬುದು ಮಾತ್ರ ತಿಂಗಳುಗಟ್ಟಲೆ ಕೊರೆಯಿತು. ಏಕೆಂದರೆ ಅದೇ ಮಾತನ್ನು, ಅದೇ ದನಿಯಲ್ಲಿ, 2008ರಿಂದ 2017ರವರೆಗೆ ನಾನೂ ಹೇಳಿಕೊಂಡು ಬಂದವನು.

ಏಳನೇ ಕೊಠಡಿ

ನಾನು ಅತಿಥಿ ಉಪನ್ಯಾಸಕನಾಗಿದ್ದ ಕಾಲೇಜು ಬಯಲುಸೀಮೆಯ ಒಂದು ತಾಲ್ಲೂಕು ಕೇಂದ್ರದಲ್ಲಿತ್ತು. ಎರಡು ಕಟ್ಟಡಗಳು. ಹೊಸದರಲ್ಲಿ ಪ್ರಾಂಶುಪಾಲರ ಕೋಣೆ, ಕಚೇರಿ, ಖಾಯಂ ಉಪನ್ಯಾಸಕರ ತರಗತಿಗಳು. ಹಳೆಯದರಲ್ಲಿ ನಾವು. ಹೀಗೇ ಇರಬೇಕೆಂದು ಯಾರೂ ಆದೇಶ ಹೊರಡಿಸಿರಲಿಲ್ಲ. ನೀರು ತಗ್ಗಿಗೆ ಹರಿದ ಹಾಗೆ ವೇಳಾಪಟ್ಟಿ ತಾನಾಗಿಯೇ ಹಾಗೆ ಹರಿದಿತ್ತು. ಹಳೆಯ ಕಟ್ಟಡದ ಏಳನೇ ಕೊಠಡಿಯ ಸೂರಿನಿಂದ 2012ರ ಮಳೆಗಾಲದಲ್ಲಿ ಗಾರೆ ಉದುರಲು ಶುರುವಾಯಿತು. ಮೊದಮೊದಲು ಪುಡಿ. ಮೊದಲ ತರಗತಿಗೆ ಬಂದ ಹುಡುಗಿಯರು ದುಪಟ್ಟಾದ ತುದಿಯಿಂದ ಬೆಂಚು ಒರೆಸಿ ಕೂರುತ್ತಿದ್ದರು. ಆಮೇಲೆ ಅಂಗೈಯಗಲದ ಚಕ್ಕೆಗಳು ಬಿದ್ದವು. ಆಗಸ್ಟ್ ಹೊತ್ತಿಗೆ ತುಕ್ಕು ಹಿಡಿದ ಕಬ್ಬಿಣದ ಸರಳು ಹೊರಗೆ ಕಾಣತೊಡಗಿತು. ಯಾರೂ ಹೇಳದೆಯೇ ವಿದ್ಯಾರ್ಥಿಗಳು ಮೂರನೆಯ ಸಾಲಿನ ಎಡಗಡೆಯ ಬೆಂಚನ್ನು ಖಾಲಿ ಬಿಡಲು ಕಲಿತರು. ಅರವತ್ತು ಜನ ಒತ್ತೊತ್ತಾಗಿ ಕೂತ ತರಗತಿಯ ನಡುವೆ ಒಂದು ಬೆಂಚಿನಷ್ಟು ಜಾಗ ಖಾಲಿ. ನಾನು ಅದರ ಕಡೆ ನೋಡದೆ ಬೇಡಿಕೆ ಮತ್ತು ಪೂರೈಕೆಯ ರೇಖೆ ಎಳೆಯುತ್ತಿದ್ದೆ.

ಆ ಕೊಠಡಿಯಲ್ಲಿ ಪಾಠ ಮಾಡುತ್ತಿದ್ದವರು ನಾವು ಏಳು ಜನ. ಏಳೂ ಜನ ಅತಿಥಿಗಳೇ. ಮಧ್ಯಾಹ್ನ ಬುತ್ತಿ ಬಿಚ್ಚಿದಾಗ ಮಾತು ಅಲ್ಲಿಗೇ ಬರುತ್ತಿತ್ತು. ಯಾರಾದರೂ ಪ್ರಾಂಶುಪಾಲರಿಗೆ ಹೇಳಬೇಕು ಎಂದು ಎಲ್ಲರೂ ಹೇಳುತ್ತಿದ್ದರು. “ನೀವೇ ಹೇಳಿ ಸರ್, ನಮ್ಮೆಲ್ಲರಿಗಿಂತ ಹಳಬರು ನೀವು” ಎಂದು ಒಬ್ಬರು, “ಹಳಬನಾಗಿದ್ದಕ್ಕೇ ಹೆದರಿಕೆ ಮಾರಾಯರೇ” ಎಂದು ಇನ್ನೊಬ್ಬರು. ಆ ಹೆದರಿಕೆಗೊಂದು ಕಥೆಯಿತ್ತು. ಎರಡು ವರ್ಷ ಹಿಂದೆ ನಮ್ಮಲ್ಲೊಬ್ಬರು ಪರೀಕ್ಷಾ ಮೇಲ್ವಿಚಾರಣೆಯ ಭತ್ಯೆ ಬಂದಿಲ್ಲವೆಂದು ಕಚೇರಿಯಲ್ಲಿ ಎರಡು ಸಲ ವಿಚಾರಿಸಿದ್ದರು. ಮರುವರ್ಷ ಅವರ ವಿಷಯದಲ್ಲಿ ಕಾರ್ಯಭಾರ, ಅಂದರೆ ವಾರದ ಪಾಠದ ಗಂಟೆಗಳು, ಕಡಿಮೆಯಾಯಿತು, ಅವರನ್ನು ಕರೆಯಲಿಲ್ಲ. ಒಂದಕ್ಕೂ ಇನ್ನೊಂದಕ್ಕೂ ಸಂಬಂಧವಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ. ಬಹುಶಃ ಇರಲಿಲ್ಲ. ಆ ವರ್ಷ ಆ ವಿಷಯಕ್ಕೆ ಮಕ್ಕಳೇ ಕಡಿಮೆ ಸೇರಿದ್ದರು. ಆದರೆ ನಮ್ಮ ಬಾಯಿ ಕಟ್ಟಲು ಅದು ಗೊತ್ತಿಲ್ಲದೆ ಇದ್ದದ್ದೇ ಸಾಕಾಯಿತು. ಗೊತ್ತಿದ್ದರೆ ಸಿಟ್ಟಾದರೂ ಬರುತ್ತಿತ್ತು.

ದಸರಾ ರಜೆಯಲ್ಲಿ ಸೂರು ಬಿತ್ತು. ಅಕ್ಕಿ ಮೂಟೆಯಷ್ಟು ದೊಡ್ಡ ಗಾರೆಯ ಗಟ್ಟಿ, ಸರಿಯಾಗಿ ಆ ಖಾಲಿ ಬೆಂಚಿನ ಮೇಲೆ. ಬೆಂಚು ನಡುವೆ ಮುರಿದು ‘ವಿ’ ಆಕಾರಕ್ಕೆ ಬಂದಿತ್ತು. ರಜೆ ಮುಗಿದ ದಿನವೇ ಸಿಬ್ಬಂದಿ ಸಭೆ. ನಮ್ಮ ಪ್ರಾಂಶುಪಾಲರು ಕೆಟ್ಟವರಲ್ಲ, ಇದನ್ನು ಹೇಳಲೇಬೇಕು. ಗೌರವಧನ ತಿಂಗಳುಗಟ್ಟಲೆ ಬಾರದಿದ್ದಾಗ ನನಗೆ ಕೈಯಿಂದ ಎರಡು ಸಾವಿರ ಕೊಟ್ಟವರು. ಅವರ ಮುಖ ನಿಜಕ್ಕೂ ಬಿಳಿಚಿಕೊಂಡಿತ್ತು. “ಇಷ್ಟು ಜನ ಅಲ್ಲಿ ಪಾಠ ಮಾಡುತ್ತಿದ್ದಿರಿ. ಒಬ್ಬರಾದರೂ ನನ್ನ ಕಿವಿಗೆ ಹಾಕಬಾರದಿತ್ತೇ? ಮಕ್ಕಳು ಇದ್ದಿದ್ದರೆ?” ಎಂದರು. ಏಳೂ ಜನ ಮೇಜಿನ ಮೇಲಿದ್ದ ಬಿಸ್ಕತ್ತಿನ ತಟ್ಟೆ ನೋಡಿದೆವು. ಮೌನ ಉದ್ದವಾಯಿತು. ಕೊನೆಗೆ ಒಬ್ಬ, “ಈಚೆಗಷ್ಟೇ ಶುರುವಾಗಿತ್ತು ಸರ್, ಇಷ್ಟು ಬೇಗ ಬೀಳುತ್ತದೆ ಅಂದುಕೊಂಡಿರಲಿಲ್ಲ” ಎಂದ. ಹಾಗೆ ಸುಳ್ಳು ಹೇಳಿದವನು ನಾನೇ.

ಆ ಸಭೆಯನ್ನು ನೆನೆದಾಗಲೆಲ್ಲ ಒಂದು ವಿಷಯ ಸ್ಪಷ್ಟವಾಗುತ್ತದೆ. ಬಿರುಕು ಕಾಣುತ್ತಿದ್ದುದು ನಮ್ಮ ಏಳು ಜನರಿಗೆ ಮಾತ್ರ. ಹೇಳಿದರೆ ನಡೆಯುತ್ತಿದ್ದುದು ಹೊಸ ಕಟ್ಟಡದಲ್ಲಿದ್ದವರಿಗೆ ಮಾತ್ರ. ಆಸ್ಪತ್ರೆ, ಕಾರ್ಖಾನೆ, ಕಚೇರಿ ಯಾವುದನ್ನೇ ತೆಗೆದುಕೊಳ್ಳಿ, ಅತಿ ಕೆಳಗಿನ ನೌಕರನ ತಲೆಯ ಮೇಲೇ ಗಾರೆ ಮೊದಲು ಉದುರುವುದು. ಅವನ ಹುದ್ದೆ ಮುಂದಿನ ವರ್ಷ ಇರುತ್ತದೋ ಇಲ್ಲವೋ ಎಂಬಂತಿದ್ದರೆ, ಆ ಸಂಸ್ಥೆ ತನ್ನ ಕಣ್ಣನ್ನು ತಾನೇ ಕಟ್ಟಿಕೊಂಡಂತೆ.

ತೆಗೆಯುವುದಿಲ್ಲ, ಕರೆಯುವುದಿಲ್ಲ

ಅತಿಥಿ ಎಂದರೆ ತಿಥಿ ಇಲ್ಲದವನು, ಇಂಥ ದಿನ ಬರುತ್ತೇನೆಂದು ಹೇಳದೆ ಬರುವವನು ಎಂದು ಮೇಷ್ಟ್ರು ನಮಗೆ ಪದ ಬಿಡಿಸಿ ಹೇಳಿದ್ದರು. ಕಾಲೇಜಿನ ಅತಿಥಿಗೆ ಇದು ತಿರುಗುಮುರುಗು. ಅವನು ಹೋಗಬೇಕಾದ ತಿಥಿ ಬರುವಾಗಲೇ ಗೊತ್ತಿರುತ್ತದೆ. ಸೆಮಿಸ್ಟರ್ ಮುಗಿದ ದಿನ ಬಿಡುಗಡೆ. ರಜೆಯಲ್ಲಿ ಗೌರವಧನವಿಲ್ಲ. ಆಮೇಲೆ ಹೊಸ ಅರ್ಜಿ, ಕಾರ್ಯಭಾರದ ಲೆಕ್ಕ, ಕೌನ್ಸೆಲಿಂಗ್, ಕಾಯುವುದು. ಇದರಲ್ಲಿ ಯಾರೂ ಯಾರನ್ನೂ ಕೆಲಸದಿಂದ ತೆಗೆಯುವುದಿಲ್ಲ. ಕರೆಯದೆ ಇರುತ್ತಾರೆ, ಅಷ್ಟೆ. ತೆಗೆಯುವುದಕ್ಕೆ ಕಾರಣ ಬೇಕು, ನೋಟಿಸು ಬೇಕು, ಕಡೆಗೆ ಒಂದು ಕಹಿಯಾದರೂ ಬೇಕು. ಕರೆಯದಿರುವುದಕ್ಕೆ ಏನೂ ಬೇಡ. 1984ರಲ್ಲಿ ಕೈಗಾರಿಕಾ ವಿವಾದಗಳ ಕಾಯ್ದೆಗೆ ತಂದ ತಿದ್ದುಪಡಿಯೂ ಇದನ್ನೇ ಹೇಳಿತ್ತು: ಒಪ್ಪಂದದ ಅವಧಿ ಮುಗಿದು ಅದು ನವೀಕರಣವಾಗದಿದ್ದರೆ ಅದನ್ನು ಕೆಲಸದಿಂದ ತೆಗೆದದ್ದೆಂದು ಲೆಕ್ಕಕ್ಕೆ ಹಿಡಿಯುವಂತಿಲ್ಲ. ಶಿಕ್ಷಕರಿಗಂತೂ ಆ ಕಾಯ್ದೆಯ ಬಾಗಿಲೇ ಮುಚ್ಚಿತ್ತು. ಶಿಕ್ಷಕರು ಕಾಯ್ದೆಯ ಅರ್ಥದಲ್ಲಿ ಕಾರ್ಮಿಕರಲ್ಲ ಎಂದು 1988ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಅರ್ಥಶಾಸ್ತ್ರದ ತರಗತಿಯಲ್ಲಿ ಉದ್ಯೋಗ ಭದ್ರತೆಯ ಪಾಠ ಮಾಡಿ, ಅದೇ ಸಂಜೆ ಕಚೇರಿಯ ಕಿಟಕಿಯ ಬಳಿ ನಿಂತು ‘ನಮ್ಮ ಕಾರ್ಯಭಾರ ಎಷ್ಟು ಬಂತು ಸರ್’ ಎಂದು ಗುಮಾಸ್ತರನ್ನು ಕೇಳಿದವನು ನಾನು.

ಇನ್ನು ಉಮಾದೇವಿ. ಅತಿಥಿ ಉಪನ್ಯಾಸಕರ ಕೋಣೆಯಲ್ಲಿ ಈ ಹೆಸರನ್ನು ದೂರದ ಸಂಬಂಧಿಯ ಹೆಸರಿನಂತೆ ಬಳಸುತ್ತಾರೆ. “ಉಮಾದೇವಿ ಅಡ್ಡ ಬರುತ್ತಾರೆ ಬಿಡಿ” ಎಂದರೆ ಎಲ್ಲರಿಗೂ ಅರ್ಥವಾಗುತ್ತದೆ. ನಮ್ಮ ರಾಜ್ಯದ ವಾಣಿಜ್ಯ ತೆರಿಗೆ ಇಲಾಖೆಯ ದಿನಗೂಲಿ ನೌಕರರಿಂದ ಶುರುವಾದ ಪ್ರಕರಣ ಅದು. 2006ರ ಏಪ್ರಿಲ್ 10ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ, ತಾತ್ಕಾಲಿಕವಾಗಿ ಎಷ್ಟು ವರ್ಷ ದುಡಿದರೂ ಖಾಯಂ ಮಾಡಿ ಎಂದು ಕೇಳುವ ಹಕ್ಕು ಅದರಿಂದ ಹುಟ್ಟುವುದಿಲ್ಲ ಎಂದಿತು. ಮಂಜೂರಾದ ಹುದ್ದೆಯಲ್ಲಿ ಹತ್ತು ವರ್ಷ ದಾಟಿದವರಿಗೆ ಒಂದು ಬಾರಿ ಮಾತ್ರ ವಿನಾಯಿತಿ. ಈ ತೀರ್ಪನ್ನು ದೀರ್ಘಕಾಲ ದುಡಿದವರ ವಿರುದ್ಧ ಆಯುಧದಂತೆ ಬಳಸಬಾರದೆಂದು 2024ರ ಡಿಸೆಂಬರ್‌ನಲ್ಲಿ, ಕೇಂದ್ರ ಜಲ ಆಯೋಗದಲ್ಲಿ ಕಸ ಗುಡಿಸುವಂಥ ಕೆಲಸ ಮಾಡುತ್ತಿದ್ದವರ ಪ್ರಕರಣದಲ್ಲಿ, ಅದೇ ನ್ಯಾಯಾಲಯ ಹೇಳಿದೆ. ಆದರೆ ಹದಿನೆಂಟು ವರ್ಷ ಒಂದು ಹೆಸರು ಕಿವಿಯಲ್ಲಿ ಕೂತಮೇಲೆ ಹೊಸ ತೀರ್ಪು ಕಿವಿಗಿಳಿಯಲು ಹೊತ್ತು ಹಿಡಿಯುತ್ತದೆ.

ಕಾನೂನಿಗಿಂತ ನನಗೆ ಹೆಚ್ಚು ಪಾಠ ಕಲಿಸಿದ್ದು 2022ರ ಜನವರಿಯ ಆದೇಶ. ಅದುವರೆಗೆ ಹನ್ನೊಂದರಿಂದ ಹದಿಮೂರು ಸಾವಿರ ಇದ್ದ ಗೌರವಧನ, ವಿದ್ಯಾರ್ಹತೆ ಮತ್ತು ಅನುಭವ ನೋಡಿಕೊಂಡು 26,000ದಿಂದ 32,000ಕ್ಕೆ ಏರಿತು. ಆಗ ನಾನು ಖಾಯಂ ಆಗಿದ್ದೆ, ಮನಸಾರೆ ಸಂತೋಷಪಟ್ಟೆ. ಆದರೆ ಅದರ ಜತೆಗೇ ವಾರದ ಕಾರ್ಯಭಾರ ಎಂಟು ಹತ್ತು ಗಂಟೆಯಿಂದ ಹದಿನೈದಕ್ಕೆ ಏರಿತು. ಎರಡು ಜನರ ಅನ್ನ ಒಂದು ತಟ್ಟೆಗೆ ಬಂತು. ರಾಜ್ಯದಾದ್ಯಂತ ಸಾವಿರಾರು ಜನ ಹೊರಗುಳಿದರು. ಉಳಿದವರ ಸಂಬಳ ಹೆಚ್ಚಾಯಿತಲ್ಲ, ಧೈರ್ಯವೂ ಹೆಚ್ಚಾಗಬಹುದು ಎಂದು ನಾನು ಎಣಿಸಿದ್ದೆ. ಆದದ್ದು ತದ್ವಿರುದ್ಧ. ಹನ್ನೊಂದು ಸಾವಿರದ ಕೆಲಸವಿದ್ದಾಗ ಮುಂಗೋಪಿಯೊಬ್ಬ “ಬೇಕಾದರೆ ಬಿಟ್ಟುಹೋಗುತ್ತೇನೆ, ಟ್ಯೂಷನ್ ಮಾಡಿದರೂ ಇಷ್ಟು ಬರುತ್ತದೆ” ಎನ್ನುತ್ತಿದ್ದ. ಮೂವತ್ತೆರಡು ಸಾವಿರವಾದ ಮೇಲೆ, ಮನೆ ಸಾಲದ ಕಂತು ಶುರುವಾದ ಮೇಲೆ, ಅವನೇ ಸಿಬ್ಬಂದಿ ಸಭೆಯಲ್ಲಿ ಟಿಪ್ಪಣಿ ಬರೆದುಕೊಳ್ಳುವವನ ಹಾಗೆ ತಲೆ ತಗ್ಗಿಸಿ ಕೂರತೊಡಗಿದ. ಭದ್ರತೆ ಕೊಡದೆ ಸಂಬಳ ಮಾತ್ರ ಏರಿಸಿದರೆ ಬಾಯಿ ಬಿಟ್ಟವನಿಗೆ ಆಗುವ ನಷ್ಟವೂ ಅಷ್ಟೇ ಏರುತ್ತದೆ. ಇದನ್ನು ಯಾವ ಪಠ್ಯದಲ್ಲೂ ನಾನು ಓದಿರಲಿಲ್ಲ.

ಓದಿದ್ದು ಬೇರೆ. ಅತೃಪ್ತಿಯಾದವನಿಗೆ ಎರಡು ದಾರಿ, ಒಂದೋ ಬಿಟ್ಟುಹೋಗುವುದು, ಇಲ್ಲವೇ ಇದ್ದುಕೊಂಡು ದನಿ ಎತ್ತುವುದು ಎಂದು ಅರ್ಥಶಾಸ್ತ್ರಜ್ಞ ಆಲ್ಬರ್ಟ್ ಹರ್ಷ್‌ಮನ್ 1970ರಲ್ಲಿ ವಿವರಿಸಿದ್ದರು. ಅತಿಥಿ ಉಪನ್ಯಾಸಕನಿಗೆ ಎರಡೂ ದಾರಿ ಅರ್ಧರ್ಧ ಮುಚ್ಚಿವೆ. ದನಿ ಎತ್ತಿದರೆ ಮುಂದಿನ ವರ್ಷದ ಭಯ. ಬಿಟ್ಟುಹೋದರೆ ಹಿಂದಿನ ಅಷ್ಟೂ ವರ್ಷಗಳ ಅನುಭವ ಪ್ರಮಾಣಪತ್ರ ರದ್ದಿ ಕಾಗದ. ಸೇವೆಯ ವರ್ಷಗಳಿಗೆ ಬೆಲೆ ಬರುವುದು ಇದೇ ವ್ಯವಸ್ಥೆಯೊಳಗೆ ಉಳಿದವನಿಗೆ ತಾನೇ. ಒಂಬತ್ತು ವರ್ಷ ನಾನು ಹಾಗೇ ಉಳಿದೆ, ಜೂಜಿನಲ್ಲಿ ಸೋತವನು ಸೋತದ್ದನ್ನು ಗೆಲ್ಲಲೆಂದೇ ಕೂತಿರುವ ಹಾಗೆ.

ದೂರಕ್ಕೆ ಕೇಳುವ ಕೂಗು

ಹಾಗಾದರೆ ಇವರು ಹೇಡಿಗಳೇ? 2023ರ ನವೆಂಬರ್ ಕೊನೆಯಲ್ಲಿ ಇದೇ ಜನ ರಾಜ್ಯದಾದ್ಯಂತ ತರಗತಿ ಬಹಿಷ್ಕರಿಸಿದರು. ಹತ್ತು ಸಾವಿರಕ್ಕೂ ಹೆಚ್ಚು ಮಂದಿಯ ಹೋರಾಟ ಅದು. ವಾರಗಟ್ಟಲೆ ಜಿಲ್ಲಾ ಕೇಂದ್ರಗಳಲ್ಲಿ ಧರಣಿ ಕೂತರು, ಹೊಸ ವರ್ಷದ ಹೊತ್ತಿಗೆ ತುಮಕೂರಿನಿಂದ ಬೆಂಗಳೂರಿಗೆ ಪಾದಯಾತ್ರೆ ಹೊರಟರು. ಗೌರವಧನ ಇನ್ನಷ್ಟು ಏರಿತು, ಅರವತ್ತು ತುಂಬಿ ಹೊರಹೋಗುವವರಿಗೆ ಇಡುಗಂಟಿನ ಭರವಸೆ ಸಿಕ್ಕಿತು, ಖಾಯಂ ಮಾತ್ರ ಆಗಲಿಲ್ಲ. ನಮ್ಮ ಮೇಡಂ ಕೂಡ ಧರಣಿಯ ಚಪ್ಪರದಲ್ಲಿ ಫಲಕ ಹಿಡಿದು ಕೂತಿದ್ದರು, ನಾನೇ ಕಣ್ಣಾರೆ ಕಂಡಿದ್ದೇನೆ. ಮುಖ್ಯಮಂತ್ರಿಯ ಹೆಸರು ಹಿಡಿದು ಘೋಷಣೆ ಕೂಗಿದ ಅದೇ ಕಂಠ ನನಗೆ, ಪಕ್ಕದ ಮೇಜಿನ ಸಹೋದ್ಯೋಗಿಗೆ, ಬಸ್ಸು ತಡವಾಗಿ ಬರುತ್ತದೆ ಎಂದು ಹೇಳಲಾರದಾಯಿತು.

ಬೆಂಗಳೂರಿನ ಗಾರ್ಮೆಂಟ್ ಹೆಂಗಸರದೂ ಇದೇ ಕಥೆ. ಹೊಲಿಗೆ ಯಂತ್ರದ ಸಾಲಿನಲ್ಲಿ ಸೂಪರ್‌ವೈಸರ್ ಗದರಿದರೆ ಎದುರಾಡಲು ಅಳುಕುವವರು 2016ರ ಏಪ್ರಿಲ್ 18 ಮತ್ತು 19ರಂದು ಸಾವಿರಾರು ಸಂಖ್ಯೆಯಲ್ಲಿ ಬೀದಿಗಿಳಿದು ಹೊಸೂರು ರಸ್ತೆಯನ್ನೇ ನಿಲ್ಲಿಸಿದರು. ಭವಿಷ್ಯನಿಧಿಯಲ್ಲಿ ಮಾಲೀಕರ ಪಾಲನ್ನು 58 ವರ್ಷದವರೆಗೆ ತೆಗೆಯುವಂತಿಲ್ಲ ಎಂಬ ಹೊಸ ನಿಯಮವನ್ನು ಕೇಂದ್ರ ಸರ್ಕಾರ ಎರಡೇ ದಿನದಲ್ಲಿ ಹಿಂದಕ್ಕೆ ತೆಗೆದುಕೊಂಡಿತು. ದೂರದ ದೊರೆಯ ವಿರುದ್ಧ ಸಾವಿರ ಜನರ ನಡುವೆ ನಿಂತು ಕೂಗಬಹುದು, ಅಲ್ಲಿ ಕೂಗಿದವಳಿಗೆ ಹೆಸರಿರುವುದಿಲ್ಲ. ಹತ್ತಿರದವರಿಗೆ ಹೇಳಬೇಕಾದರೆ ಒಬ್ಬಳೇ ಎದ್ದು ನಿಲ್ಲಬೇಕು. ಪತ್ರಿಕೆಗಳಲ್ಲಿ ದೊಡ್ಡ ಹೋರಾಟಗಳ ಸುದ್ದಿ ನೋಡಿ ನೌಕರರು ಧೈರ್ಯವಾಗಿದ್ದಾರೆ ಎಂದುಕೊಳ್ಳುತ್ತೇವೆ. ಏಳನೇ ಕೊಠಡಿಯ ಸೂರಿಗಾಗಿ ಯಾರೂ ಪಾದಯಾತ್ರೆ ಹೋಗುವುದಿಲ್ಲ.

ಇಲ್ಲೊಂದು ಪಕ್ಕದ ಮಾತು. ಕಾಲೇಜುಗಳಲ್ಲಿ ದೂರು ಮತ್ತು ಸಲಹಾ ಪೆಟ್ಟಿಗೆ ಎಂಬುದೊಂದು ಇರುತ್ತದೆ. ಕಾಲೇಜುಗಳ ಗುಣಮಟ್ಟ ಅಳೆಯುವ ನ್ಯಾಕ್ ತಂಡದ ಭೇಟಿಗೆ ನಾವು ಸಿದ್ಧರಾಗುವಾಗ ನಮ್ಮದನ್ನು ತೆರೆಯಬೇಕಾಯಿತು. ಕೀಲಿ ಎಲ್ಲಿದೆಯೆಂದು ಯಾರಿಗೂ ಗೊತ್ತಿರಲಿಲ್ಲ. ಬೀಗ ಒಡೆದರೆ ಒಳಗೆ ಒಂದು ಬಸ್ ಟಿಕೆಟ್ಟು, ಎರಡು ಹಲ್ಲಿ ಮೊಟ್ಟೆ. ‘ಯಾವುದೇ ದೂರು ಬಂದಿರುವುದಿಲ್ಲ’ ಎಂದು ವರದಿಯಲ್ಲಿ ಹೆಮ್ಮೆಯಿಂದ ಬರೆದೆವು. ಅಮೆರಿಕದ ಸಂಶೋಧಕಿ ಏಮಿ ಎಡ್ಮಂಡ್‌ಸನ್ 1990ರ ದಶಕದಲ್ಲಿ ಆಸ್ಪತ್ರೆಗಳ ವಾರ್ಡುಗಳಲ್ಲಿ ಔಷಧಿ ಕೊಡುವಾಗ ಆಗುವ ತಪ್ಪುಗಳನ್ನು ಲೆಕ್ಕ ಹಾಕಿದಾಗ, ಚೆನ್ನಾಗಿ ನಡೆಯುವ ವಾರ್ಡುಗಳಲ್ಲೇ ಹೆಚ್ಚು ತಪ್ಪುಗಳು ದಾಖಲಾಗಿದ್ದವಂತೆ. ಅಲ್ಲಿ ತಪ್ಪು ಹೆಚ್ಚು ನಡೆಯುತ್ತಿತ್ತೆಂದಲ್ಲ, ಅಲ್ಲಿನವರು ಅದನ್ನು ಹೆದರದೆ ಹೇಳುತ್ತಿದ್ದರು ಎಂಬ ತೀರ್ಮಾನಕ್ಕೆ ಆಕೆ ಬಂದರು. ಇದನ್ನು ಓದಿದ ದಿನ ನನಗೆ ಆ ಹಲ್ಲಿ ಮೊಟ್ಟೆಗಳು ನೆನಪಾದವು.

ಖಾಯಂ ಆದ ನಾಲಿಗೆ

2017ರ ಕೊನೆಯಲ್ಲಿ ನನಗೆ ಖಾಯಂ ಆದೇಶ ಸಿಕ್ಕಿತು. ಇನ್ನು ಮೇಲೆ ಕಂಡದ್ದನ್ನು ಕಂಡ ಹಾಗೆ ಹೇಳುತ್ತೇನೆ ಎಂದು ಹೆಂಡತಿಯ ಮುಂದೆ ಘೋಷಿಸಿದ್ದೆ. ಎರಡು ವರ್ಷದ ಪರೀಕ್ಷಾರ್ಥ ಅವಧಿ ಮುಗಿಯಲಿ, ಆಮೇಲೆ ಎಂದುಕೊಂಡೆ. ಅದು ಮುಗಿಯಿತು. ವರ್ಗಾವಣೆ ಕೌನ್ಸೆಲಿಂಗ್ ಆಗಲಿ ಎಂದುಕೊಂಡೆ. ಅದೂ ಆಯಿತು. ಈಗ ನನ್ನನ್ನು ತೆಗೆಯಬೇಕೆಂದರೆ ಇಲಾಖೆಯೇ ವರ್ಷಗಟ್ಟಲೆ ಒದ್ದಾಡಬೇಕು. ಆದರೂ ಸಭೆಯಲ್ಲಿ ಪ್ರಾಂಶುಪಾಲರು “ಏನಂತೀರಿ?” ಎಂದು ನನ್ನತ್ತ ತಿರುಗಿದರೆ ಬಾಯಿಂದ ಮೊದಲು ಹೊರಬೀಳುವುದು “ಆಗಲಿ ಸರ್”.

ಎರಡು ವರ್ಷ ಹಿಂದಿನ ಸಭೆಯೊಂದರಲ್ಲಿ, ವಿದ್ಯಾರ್ಥಿಗಳು ತುಂಬಬೇಕಾದ ಅಭಿಪ್ರಾಯ ಪತ್ರಗಳನ್ನು ಸಮಯವಿಲ್ಲದ ಕಾರಣ ನಾವೇ ಕೂತು ತುಂಬಿಬಿಡೋಣ ಎಂಬ ಪ್ರಸ್ತಾಪ ಬಂತು. ನಾನು ಆಗಲಿ ಎಂದೆ. ನಿವೃತ್ತಿಗೆ ಒಂದು ವರ್ಷವಿದ್ದ ಹಿರಿಯರೊಬ್ಬರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಇದು ಸರಿಯಲ್ಲ ಸರ್, ನಾನು ತುಂಬುವುದಿಲ್ಲ” ಎಂದರು. ದನಿ ಏರಿಸಲಿಲ್ಲ, ವಿವರಣೆ ಕೊಡಲಿಲ್ಲ. ನನ್ನ ಎದೆ ಹೊಡೆದುಕೊಳ್ಳತೊಡಗಿತು, ಮಾತಾಡಿದ್ದು ಅವರಾದರೂ. ಪ್ರಾಂಶುಪಾಲರು ಪೆನ್ನಿನ ಮುಚ್ಚಳ ಹಾಕಿ, “ಸರಿ, ಹಾಗಾದರೆ ಸೋಮವಾರ ಮಕ್ಕಳಿಂದಲೇ ತುಂಬಿಸೋಣ” ಎಂದರು. ಚಹಾ ಬಂತು. ಮುಂದಿನ ವಿಷಯಕ್ಕೆ ಹೋದೆವು. ಅಷ್ಟೇ! ಏನೂ ಆಗಲಿಲ್ಲ. ಆ ಹಿರಿಯರು ಓದು ಮುಗಿಸಿದ ಕೂಡಲೇ ನೇರವಾಗಿ ಖಾಯಂ ಹುದ್ದೆಗೆ ಬಂದವರು, ಒಂದು ದಿನವೂ ಯಾರೂ ಕರೆಯಲೆಂದು ಕಾದವರಲ್ಲ. ಹೇಳಿದರೆ ಏನೂ ಆಗದೆಯೂ ಇರಬಹುದು ಎಂಬುದು ಅವರಿಗೆ ಮೂವತ್ತು ವರ್ಷದಿಂದ ಗೊತ್ತಿತ್ತು. ನಲವತ್ತೈದು ದಾಟಿದ ನಾನು ಅದನ್ನು ಅವತ್ತು ಮೊದಲ ಬಾರಿ ನೋಡಿದೆ.

ಈ ವರ್ಷವೂ ವೇಳಾಪಟ್ಟಿ ನನ್ನದೇ. ಈ ಸಲ ತೊಂದರೆ ಇದೆಯೇ ಎಂದು ಕೇಳುವ ಗೊಡವೆಗೇ ಹೋಗಲಿಲ್ಲ. ಆ ಪ್ರಶ್ನೆಗೆ ಒಂದೇ ಉತ್ತರ ಎಂಬುದು ಗೊತ್ತಲ್ಲ. ಒಂಬತ್ತೂ ಐವತ್ತರ ಬಸ್ಸನ್ನು ಲೆಕ್ಕಕ್ಕಿಟ್ಟುಕೊಂಡು ಮೇಡಂಗೆ ಐದೂ ದಿನ ಎರಡನೇ ಅವಧಿಯಿಂದ ಹಾಕಿದೆ, ಮೊದಲ ಅವಧಿಗಳನ್ನು ನಾನು ಹಂಚಿಕೊಂಡೆ. ಒಳಗೊಳಗೇ ಬೀಗುತ್ತ ಹಾಳೆ ಅಂಟಿಸಿದೆ. ಮರುದಿನ ಅವರು ಎಂಟಕ್ಕೆ ಮೊದಲೇ ಬಂದು ಕಾದಿದ್ದರಂತೆ. ನಾನು ಬರುತ್ತಲೇ ಮೊಬೈಲಿನಲ್ಲಿ ತೆಗೆದುಕೊಂಡಿದ್ದ ವೇಳಾಪಟ್ಟಿಯ ಚಿತ್ರ ತೋರಿಸಿದರು. ಕೈ ಸ್ವಲ್ಪ ನಡುಗುತ್ತಿತ್ತು.

“ಸರ್, ಮೊದಲ ಅವಧಿ ಎಲ್ಲ ತೆಗೆದಿದ್ದೀರಿ. ನನ್ನಿಂದ ಏನಾದರೂ ತಪ್ಪಾಯಿತೇ?”

ಬಸ್ಸಿಗಾಗಿ ಹಾಗೆ ಮಾಡಿದೆ ಎಂದೆ. ಅವರು ತಲೆಯಾಡಿಸಿದರು, ಆದರೆ ಹೋಗಲಿಲ್ಲ. “ಹದಿನೈದು ಗಂಟೆ ಕಡಿಮೆ ಆಗುವುದಿಲ್ಲ ಅಲ್ಲವೇ ಸರ್?” ಎಂದರು.

ಇಬ್ಬರೂ ಸೂಚನಾ ಫಲಕದ ಮುಂದೆ ನಿಂತೆವು. ಸೋಮವಾರದಿಂದ ಶುರುಮಾಡಿ ಅವರ ಹೆಸರಿದ್ದ ಮನೆಗಳ ಮೇಲೆ ಬೆರಳಿಟ್ಟು ಎಣಿಸಿ ತೋರಿಸಿದೆ. ಹದಿನೈದು. ನಾನು ತರಗತಿಗೆ ಹೊರಟು, ವರಾಂಡದ ತುದಿಯಲ್ಲಿ ತಿರುಗಿ ನೋಡಿದರೆ, ಅವರು ಅಲ್ಲೇ ನಿಂತು ಸೋಮವಾರದಿಂದ ಮತ್ತೆ ಎಣಿಸುತ್ತಿದ್ದರು.